ಹಿಂಗಾಲು ಎಳೆಯುವ ನಾಯಿ

"ನಿನ್ನೆ ರಾತ್ರಿ ಚೆನ್ನಾಗೇ ಇತ್ತು ಡಾಕ್ಟ್ರೇ. ಬೆಳಿಗ್ಗೆ ಎದ್ದು ನೋಡಿದ್ರೆ ಹಿಂದಿನ ಎರಡೂ ಕಾಲು ಎಳ್ಕೊಂಡು ಬರ್ತಿದೆ." ಪಶುವೈದ್ಯರಿಗೆ ಈ ಮಾತು ಹೊಸದಲ್ಲ. ಮೇಜಿನ ಮೇಲಿರುವುದು ಡ್ಯಾಶ್‌ಹೌಂಡ್ ಆಗಿದ್ದರಂತೂ ಮುಟ್ಟಿ ನೋಡುವ ಮೊದಲೇ ಅವರಿಗೊಂದು ಅಂದಾಜು ಸಿಕ್ಕಿರುತ್ತದೆ. ಮನೆಯವರು ಸೋಫಾದಿಂದ ಹಾರಿದ್ದನ್ನೋ ಮೆಟ್ಟಿಲಲ್ಲಿ ಜಾರಿದ್ದನ್ನೋ ನೆನೆಸಿಕೊಂಡು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಆ ಹಾರಾಟ ಒಂದು ನೆಪ ಅಷ್ಟೇ. ಬೆನ್ನೊಳಗಿನ ಕೆಡುಕು ಮರಿಯಾಗಿದ್ದಾಗಲೇ ಶುರುವಾಗಿರುತ್ತದೆ.

ಬೆನ್ನಿನ ಎಲುಬುಗಳ ನಡುವೆ ಡಿಸ್ಕ್‌ಗಳಿರುತ್ತವೆ. ಸುತ್ತಲೂ ನಾರಿನ ಬಳೆ, ಒಳಗೆ ನೀರಿನಂಶ ತುಂಬಿದ ಮೆತ್ತನೆಯ ತಿರುಳು. ಕಾಲು ಗಿಡ್ಡ, ಬೆನ್ನು ಉದ್ದ ಇರುವ ತಳಿಗಳಲ್ಲಿ ಆ ತಿರುಳು, ಎಳನೀರಿನ ಗಂಜಿ ಬಲಿತು ಕೊಬ್ಬರಿಯಾಗುವ ಹಾಗೆ, ವರ್ಷ ತುಂಬುವಷ್ಟರಲ್ಲೇ ಗಟ್ಟಿಯಾಗತೊಡಗುತ್ತದೆ. ಎಷ್ಟೋ ಡಿಸ್ಕ್‌ಗಳಲ್ಲಿ ಸುಣ್ಣ ಕಟ್ಟುತ್ತದೆ. ಮುಂದೆ ನಡುವಯಸ್ಸಿನಲ್ಲಿ ಯಾವತ್ತೋ ಒಂದು ದಿನ ಬಳೆ ಹರಿದು, ಆ ಗಟ್ಟಿ ತಿರುಳು ಮೇಲಕ್ಕೆ ಚಿಮ್ಮಿ ಬೆನ್ನುಹುರಿಗೆ ಬಡಿಯುತ್ತದೆ. ಹೀಗೆ ಏಕಾಏಕಿ ಸಿಡಿಯುವ ಬಗೆ ಒಂದು, ದೊಡ್ಡ ತಳಿಯ ಮುದಿ ನಾಯಿಗಳಲ್ಲಿ ನಿಧಾನಕ್ಕೆ ಉಬ್ಬುವ ಬಗೆ ಇನ್ನೊಂದು ಎಂದು ಬೇರ್ಪಡಿಸಿ ತೋರಿಸಿದವರು ಸ್ವೀಡನ್ನಿನ ಪಶುವೈದ್ಯ ಹ್ಯಾನ್ಸೆನ್, 1952ರಲ್ಲಿ. ಇಂದಿಗೂ ಆ ಎರಡು ಬಗೆಗಳು ಅವರ ಹೆಸರಿನಲ್ಲೇ ಇವೆ.

ಇದರ ಬೇರು ಎಲ್ಲಿದೆ ಎನ್ನುವುದನ್ನು 2017ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಸಂಶೋಧಕರು ಹಿಡಿದರು. ನಾಯಿಯ 12ನೇ ವರ್ಣತಂತುವಿನಲ್ಲಿ ಎಫ್‌ಜಿಎಫ್4 ಎಂಬ ಜೀನಿನ ಹೆಚ್ಚುವರಿ ಪ್ರತಿಯೊಂದು ಸೇರಿಕೊಂಡಿದೆ. ಡಿಸ್ಕ್ ಬೇಗ ಹಳತಾಗುವುದು ಅದರಿಂದ. ಕಾಲು ಮೊಟಕಾಗುವುದರಲ್ಲೂ ಅದರ ಕೈವಾಡವಿದೆ. ಮುದ್ದಾಗಿ ಕಾಣುತ್ತದೆಂದು ನಾವು ಆರಿಸಿ ಬೆಳೆಸಿದ ಗಿಡ್ಡ ಕಾಲಿನ ಜೊತೆಗೆ ಕೆಟ್ಟ ಬೆನ್ನನ್ನೂ ಆರಿಸಿಬಿಟ್ಟೆವು. ಡ್ಯಾಶ್‌ಹೌಂಡ್‌ಗಳಲ್ಲಿ ಹೆಚ್ಚುಕಡಿಮೆ ಐದಕ್ಕೊಂದು ತನ್ನ ಆಯುಷ್ಯದಲ್ಲಿ ಒಮ್ಮೆಯಾದರೂ ಈ ತೊಂದರೆಗೆ ಸಿಕ್ಕುತ್ತದೆ. ಬೀಗಲ್, ಕಾಕರ್ ಸ್ಪ್ಯಾನಿಯಲ್, ಪೆಕಿಂಗೀಸ್‌ಗಳೂ ಇದರಿಂದ ಹೊರತಲ್ಲ.

ಪೆಟ್ಟು ಬೀಳುವ ಜಾಗವೂ ಹೆಚ್ಚಾಗಿ ಒಂದೇ. ನಾಯಿಗೆ ಎದೆಯ ಭಾಗದಲ್ಲಿ 13 ಬೆನ್ನೆಲುಬು, ಸೊಂಟದ ಭಾಗದಲ್ಲಿ 7. ಎದೆಯ ಬಹುಭಾಗದಲ್ಲಿ ಎಡಬಲದ ಪಕ್ಕೆಲುಬುಗಳ ತಲೆಗಳನ್ನು ಕಟ್ಟುವ ನಾರೊಂದು ಡಿಸ್ಕಿನ ಮೇಲೆ ಅಡ್ಡ ಹಾದುಹೋಗಿ ಅದನ್ನು ಅದುಮಿ ಹಿಡಿದಿರುತ್ತದೆ. ಎದೆ ಮುಗಿದು ಸೊಂಟ ಶುರುವಾಗುವಲ್ಲಿ ಆ ಕಟ್ಟು ಇಲ್ಲ. ಅಲ್ಲೇ ಸಿಡಿಯುತ್ತದೆ. ಅಲ್ಲಿಂದ ಹಿಂದಕ್ಕೆ ಹೋಗುವ ಸುದ್ದಿಯೆಲ್ಲ ಕಡಿದುಹೋಗಿ, ಮುಂಗಾಲು ನೆಟ್ಟಗಿದ್ದು ಹಿಂಗಾಲು, ಬಾಲ, ಮೂತ್ರಕೋಶ ಮೂರೂ ಸೋಲುತ್ತವೆ.

ಈಗ ವೈದ್ಯರು ಮಾಡುವ ಒಂದು ಪರೀಕ್ಷೆಯನ್ನು ಹತ್ತಿರದಿಂದ ನೋಡಬೇಕು, ಯಾಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಹಿಂಗಾಲಿನ ಬೆರಳಿನ ಎಲುಬನ್ನು ಚಿಮುಟದಲ್ಲಿ ಗಟ್ಟಿಯಾಗಿ ಒತ್ತುತ್ತಾರೆ. ನಾಯಿ ಕಾಲನ್ನು ಹಿಂದಕ್ಕೆಳೆದುಕೊಳ್ಳುತ್ತದೆ. ಮನೆಯವರ ಮುಖ ಅರಳುತ್ತದೆ: "ನೋಡಿ, ಗೊತ್ತಾಗ್ತಿದೆ ಅದಕ್ಕೆ!" ವೈದ್ಯರು ನೋಡುತ್ತಿರುವುದು ಕಾಲನ್ನಲ್ಲ, ತಲೆಯನ್ನು. ಕಾಲು ಹಿಂದೆ ಸರಿಯುವುದಕ್ಕೆ ಮಿದುಳು ಬೇಡ; ಬೆನ್ನುಹುರಿಯ ಕೆಳಭಾಗವೊಂದೇ ಆ ಕೆಲಸ ಮಾಡಬಲ್ಲದು. ನಾಯಿ ತಿರುಗಿ ನೋಡಿತೇ, ಕುಂಯ್‌ಗುಟ್ಟಿತೇ, ಕಚ್ಚಲು ಬಂತೇ, ಕಣ್ಣು ಅಗಲವಾಯಿತೇ? ಆಗಿದ್ದರೆ ನೋವಿನ ಸುದ್ದಿ ಗಾಯದ ಜಾಗ ದಾಟಿ ಮೇಲೆ ತಲುಪುತ್ತಿದೆ ಎಂದರ್ಥ. ಹೀಗೆ ಅರಿವು ಉಳಿದ ನಾಯಿಗಳಲ್ಲಿ ಶಸ್ತ್ರಚಿಕಿತ್ಸೆಯ ನಂತರ ಹತ್ತರಲ್ಲಿ ಒಂಬತ್ತು ಮತ್ತೆ ನಡೆಯುತ್ತವೆ. ಅರಿವು ಪೂರ್ತಿ ಹೋಗಿದ್ದರೆ ಅರ್ಧಕ್ಕರ್ಧ.

ಎಲ್ಲಕ್ಕೂ ಶಸ್ತ್ರಚಿಕಿತ್ಸೆ ಬೇಕಿಲ್ಲ. ಬರೀ ಬೆನ್ನುನೋವು, ತೂರಾಡುತ್ತಾದರೂ ನಡೆಯುವ ಸ್ಥಿತಿ, ಇಷ್ಟಿದ್ದರೆ ಔಷಧಿ ಮತ್ತು ವಿಶ್ರಾಂತಿಯಲ್ಲೇ ಬಹಳಷ್ಟು ಸುಧಾರಿಸುತ್ತವೆ. ಆದರೆ ವಿಶ್ರಾಂತಿ ಎಂದರೆ ಏನೆಂದು ನಮ್ಮಲ್ಲಿ ಅರ್ಥಮಾಡಿಸುವುದು ಕಷ್ಟ. "ಸ್ವಲ್ಪ ಓಡಾಡಿಸಿ, ಕಾಲು ಬಿಟ್ಕೊಳ್ಳುತ್ತೆ" ಎನ್ನುವ ನೆರೆಯವರು ಪ್ರತಿ ಬೀದಿಯಲ್ಲೂ ಇದ್ದಾರೆ. ಹರಿದ ಬಳೆ ಕೂಡಿಕೊಳ್ಳಲು ಕನಿಷ್ಠ ನಾಲ್ಕು ವಾರ ಬೇಕು. ಅಷ್ಟು ದಿನ ಎದ್ದು ನಿಂತು ತಿರುಗುವಷ್ಟು ಮಾತ್ರ ಜಾಗವಿರುವ ಪಂಜರ ಅಥವಾ ಅಡ್ಡಗಟ್ಟಿದ ಮೂಲೆ. ಉಚ್ಚೆ, ಕಕ್ಕಸಿಗೆ ಮಾತ್ರ ಎತ್ತಿಕೊಂಡು ಹೊರಗೆ. ಫಿಜಿಯೋಥೆರಪಿಯ ಮೊದಲ ಪಾಠ ಅಲುಗಾಡಿಸದಿರುವುದೇ. ಎಡವಟ್ಟಾಗುವುದು ಮೊದಲ ವಾರದ ಕೊನೆಗೆ: ಮಾತ್ರೆಯಿಂದ ನೋವು ತಗ್ಗಿ ನಾಯಿ ಲವಲವಿಕೆಯಿಂದ ಕುಣಿಯುತ್ತದೆ, ಮನೆಯವರಿಗೆ ಕನಿಕರ ಬಂದು ಬಿಟ್ಟುಬಿಡುತ್ತಾರೆ, ಮಿಕ್ಕ ತಿರುಳೂ ಹೊರಗೆ ಬರುತ್ತದೆ. ಅಂದಹಾಗೆ, ಮನೆಯ ಔಷಧಿ ಡಬ್ಬಿಯಲ್ಲಿರುವ ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಸುರಿಸಬಲ್ಲವು. ಕಾಲು ತುಂಡಿನಷ್ಟೂ ಕೊಡಬಾರದು.

ಯಾರೂ ಹೇಳಿಕೊಡದ ವಿಷಯ ಮೂತ್ರದ್ದು. ಹಾಸಿಗೆ ಒದ್ದೆಯಾಗಿದ್ದರೆ ನಾಯಿ ಉಚ್ಚೆ ಹೊಯ್ದಿದೆ ಎಂದೇ ಎಲ್ಲರೂ ತಿಳಿಯುತ್ತಾರೆ. ಎಷ್ಟೋ ಸಲ ಅದು ತುಂಬಿ ಉಕ್ಕಿದ್ದು. ಸೊಂಟಕ್ಕಿಂತ ಮೇಲೆ ಬೆನ್ನುಹುರಿಗೆ ಪೆಟ್ಟಾದಾಗ ಮೂತ್ರದ ಬಾಗಿಲು ಬಿಗಿಯಾಗಿ ಮುಚ್ಚಿಕೊಂಡಿರುತ್ತದೆ. ಒಳಗೆ ಒತ್ತಡ ಮೀರಿದಾಗ ಮಾತ್ರ ಸೋರುತ್ತದೆ. ಹಾಗೇ ಬಿಟ್ಟರೆ ಮೂತ್ರಕೋಶದ ಗೋಡೆ ಹಿಗ್ಗಿ ಹಿಗ್ಗಿ ಮತ್ತೆ ಕುಗ್ಗುವ ಶಕ್ತಿಯನ್ನೇ ಕಳೆದುಕೊಳ್ಳಬಹುದು, ನಿಂತ ಮೂತ್ರದಲ್ಲಿ ಸೋಂಕು ಹುಟ್ಟುತ್ತದೆ. ಆದ್ದರಿಂದ ದಿನಕ್ಕೆ ಮೂರು ನಾಲ್ಕು ಸಲ ಕೈಯಿಂದ ಒತ್ತಿ ಖಾಲಿ ಮಾಡಬೇಕು. ತೊಡೆಗಳ ಮುಂದೆ, ಹೊಟ್ಟೆಯ ಎರಡೂ ಬದಿಗೆ ಅಂಗೈ ಚಪ್ಪಟೆಯಾಗಿಟ್ಟು ಹುಡುಕಿದರೆ ನೀರು ತುಂಬಿದ ಬಲೂನು ಕೈಗೆ ಸಿಗುತ್ತದೆ. ಬೆರಳಿನಿಂದ ಚುಚ್ಚದೆ, ಅಂಗೈಯಿಂದ ನಿಧಾನಕ್ಕೆ, ಬಿಡದೆ ಒತ್ತಬೇಕು. ಕೆಲವು ಕ್ಷಣ ಏನೂ ಆಗುವುದಿಲ್ಲ. ಆಮೇಲೆ ಧಾರೆ ಬರುತ್ತದೆ. ಮೊದಲ ಸಲ ವೈದ್ಯರ ಎದುರಿಗೇ ಮಾಡಿ ಕಲಿಯಬೇಕು, ಜೋರು ಮಾಡಿದರೆ ಅಪಾಯವಿದೆ. ಲೇಸರ್ ಬೆಳಕು, ವಿದ್ಯುತ್ ಪ್ರಚೋದನೆ ಎಂದು ಹಣ ಸುರಿಯುವ ಮೊದಲು ಈ ಕೈಕೆಲಸವನ್ನು ಮನೆಯಲ್ಲಿ ಇಬ್ಬರಾದರೂ ಕಲಿತಿದ್ದರೆ ನಾಯಿಗೆ ಹೆಚ್ಚು ಉಪಕಾರ.

ವೈದ್ಯರು ಒಪ್ಪಿಗೆ ಕೊಟ್ಟ ಮೇಲೆ ಕಾಲಿನ ಕೆಲಸ. ನಾಯಿ ತನ್ನ ತೂಕದ ಸುಮಾರು 60 ಭಾಗವನ್ನು ಮುಂಗಾಲಿನ ಮೇಲೂ 40 ಭಾಗವನ್ನು ಹಿಂಗಾಲಿನ ಮೇಲೂ ಹೊರುತ್ತದೆ. ಹಿಂಗಾಲು ಸೋತರೆ ಪೂರ್ತಿ ಭಾರ ಮುಂದಕ್ಕೆ ಸರಿದು ಭುಜ, ಕತ್ತು ಗಂಟುಗಟ್ಟುತ್ತವೆ. ನೀವುವಾಗ ಸೋತ ಕಾಲಿಗಿಂತ ಮೊದಲು ಭುಜಕ್ಕೆ ಕೈ ಹೋಗಬೇಕಾದ್ದು ಇದಕ್ಕೇ. ನಂತರ ನಾಯಿಯನ್ನು ಮಗ್ಗುಲಾಗಿ ಮಲಗಿಸಿ ಬೆರಳು, ಪಾದದ ಕೀಲು, ಮಂಡಿ, ಸೊಂಟದ ಕೀಲು ಒಂದೊಂದನ್ನೇ ನೋವಾಗದಷ್ಟು ಮಡಿಸಿ ಬಿಡಿಸುವುದು. ಕೀಲು ಬಿಗಿದುಕೊಳ್ಳದಂತೆ ಇದು ನೋಡಿಕೊಳ್ಳುತ್ತದೆ. ಆದರೆ ಕೀಲನ್ನು ನಾವು ಆಡಿಸಿದರೆ ಸ್ನಾಯು ಬೆಳೆಯುವುದಿಲ್ಲ. ಅದಕ್ಕೆ ನಾಯಿಯೇ ಭಾರ ಹೊರಬೇಕು. ಹೊಟ್ಟೆಯ ಕೆಳಗೆ ಟವೆಲ್ ಹಾಯಿಸಿ ಎತ್ತಿ ಹಿಡಿದು, ಪಾದಗಳ ಅಡಿ ನೆಲಕ್ಕೆ ತಾಗುವಂತೆ ಇಟ್ಟು, ಟವೆಲನ್ನು ಕೂದಲೆಳೆಯಷ್ಟು ಸಡಿಲಿಸಿ ನೋಡುವುದು. ಎರಡು ಸೆಕೆಂಡು ನಿಂತರೂ ಅದು ಕೆಲಸವೇ. ಆಮೇಲೆ ಕೂತಲ್ಲಿಂದ ಏಳುವುದು, ನಿಂತಾಗ ಸೊಂಟವನ್ನು ಮೆಲ್ಲಗೆ ಆಚೀಚೆ ತೂಗುವುದು, ನೆಲದ ಮೇಲಿಟ್ಟ ಪಿವಿಸಿ ಪೈಪುಗಳನ್ನು ದಾಟಿಸುವುದು. ಬೇಯಿಸಿದ ಕೋಳಿಯ ಚೂರು ಕೈಯಲ್ಲಿದ್ದರೆ ಇದೆಲ್ಲ ಆಟ, ಇಲ್ಲದಿದ್ದರೆ ಹಟ. ದರ್ಜಿಯ ಟೇಪಿನಲ್ಲಿ ವಾರಕ್ಕೊಮ್ಮೆ ತೊಡೆಯ ಸುತ್ತಳತೆಯನ್ನು ಒಂದೇ ಜಾಗದಲ್ಲಿ ತೆಗೆದು ಬರೆದಿಟ್ಟರೆ ಸುಧಾರಣೆ ಕಣ್ಣಿಗಿಂತ ಮೊದಲು ಅಂಕಿಯಲ್ಲಿ ಕಾಣುತ್ತದೆ.

ನಮ್ಮ ಮನೆಗಳ ದೊಡ್ಡ ಶತ್ರು ನೆಲ. ಹೊಳೆಯುವ ಟೈಲ್ಸು, ಗ್ರಾನೈಟಿನ ಮೇಲೆ ಗಟ್ಟಿಮುಟ್ಟಾದ ನಾಯಿಯೇ ಜಾರುತ್ತದೆ. ಸೋತ ಕಾಲಿನದು ಎದ್ದೇಳುವ ಪ್ರಯತ್ನವನ್ನೇ ಬಿಟ್ಟುಬಿಡುತ್ತದೆ. ಅದು ಓಡಾಡುವ ದಾರಿಯುದ್ದಕ್ಕೂ ಯೋಗದ ಮ್ಯಾಟನ್ನೋ ರಬ್ಬರಿನ ಹಾಸನ್ನೋ ಹಾಕಿ, ಉಗುರು ಕತ್ತರಿಸಿ, ಪಾದದಡಿಯ ಕೂದಲು ಟ್ರಿಮ್ ಮಾಡಿದರೆ ಅರ್ಧ ಚಿಕಿತ್ಸೆ ಆದ ಹಾಗೆ.

ನೀರಿನೊಳಗಿನ ಟ್ರೆಡ್‌ಮಿಲ್ ಈ ವಿದ್ಯೆಯ ಕಣ್ಣು ಕುಕ್ಕುವ ಭಾಗ. ಗಾಜಿನ ತೊಟ್ಟಿಯಲ್ಲಿ ಉಗುರುಬೆಚ್ಚಗಿನ ನೀರು, ಅಡಿಯಲ್ಲಿ ನಿಧಾನವಾಗಿ ಓಡುವ ಪಟ್ಟಿ. ನೀರು ಹಿಂಗಾಲಿನ ಪಾದದ ಕೀಲಿನ ಮಟ್ಟದಲ್ಲಿದ್ದಾಗ ನಾಯಿ ತನ್ನ ತೂಕದ ಶೇಕಡಾ 91ರಷ್ಟನ್ನು ಹೊರುತ್ತದೆ, ಮಂಡಿಯವರೆಗೆ ಬಂದರೆ 85, ಸೊಂಟದ ಕೀಲಿಗೆ ಬಂದರೆ 38. ಅಂದರೆ ಮಂಡಿಯವರೆಗಿನ ನೀರಿನಿಂದ ಭಾರ ಅಷ್ಟೇನೂ ಇಳಿಯದು. ಸೊಂಟ ಮುಟ್ಟಿದಾಗಲೇ ಕಾಲಿಗೆ ನಿಜವಾದ ಬಿಡುಗಡೆ. ಇನ್ನೊಂದು ಗುಟ್ಟೂ ಇದೆ. ಪಟ್ಟಿ ಕಾಲನ್ನು ಹಿಂದಕ್ಕೆಳೆದು ಸೊಂಟದ ಕೀಲು ಪೂರ್ತಿ ಚಾಚಿಕೊಂಡ ಗಳಿಗೆಯಲ್ಲಿ ಬೆನ್ನುಹುರಿಗೆ "ಈಗ ಮುಂದಿಡು" ಎಂಬ ಸೂಚನೆ ಹೋಗುತ್ತದೆ. ಹೆಜ್ಜೆಯ ಲಯವನ್ನು ಹುಟ್ಟಿಸುವ ನರಜಾಲ ಬೆನ್ನುಹುರಿಯೊಳಗೇ ಇದೆ ಎನ್ನುವುದನ್ನು ಗ್ರಹಾಂ ಬ್ರೌನ್ ಎಂಬ ವಿಜ್ಞಾನಿ 1911ರಲ್ಲೇ ಬೆಕ್ಕುಗಳಲ್ಲಿ ತೋರಿಸಿದ್ದರು. ನೂರು ವರ್ಷ ಹಿಂದಿನ ಆ ಪ್ರಯೋಗದ ಫಲ ಇಂದು ಗಾಜಿನ ತೊಟ್ಟಿಯಲ್ಲಿ ನಡೆಯುತ್ತಿದೆ.

ಹಾಗಾದರೆ ತೊಟ್ಟಿಗಿಳಿಸಿದ ನಾಯಿ ಬೇಗ ಗುಣವಾಗುತ್ತದೆಯೇ? 2018ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದವರು ಶಸ್ತ್ರಚಿಕಿತ್ಸೆಯಾದ, ನೋವಿನ ಅರಿವು ಉಳಿದಿದ್ದ 30 ನಾಯಿಗಳನ್ನು ಎರಡು ಗುಂಪು ಮಾಡಿ ನೋಡಿದರು. ಒಂದಕ್ಕೆ ಸಾದಾ ವ್ಯಾಯಾಮ, ಇನ್ನೊಂದಕ್ಕೆ ತೀವ್ರ ತರಬೇತಿ. ಚೇತರಿಕೆಯ ವೇಗದಲ್ಲಿ ವ್ಯತ್ಯಾಸ ಕಾಣಲಿಲ್ಲ. ತೀವ್ರ ತರಬೇತಿಯಿಂದ ಕೆಡುಕೂ ಆಗಲಿಲ್ಲ. ಈ ಫಲಿತಾಂಶವನ್ನು ಚಿಕಿತ್ಸಾ ಕೇಂದ್ರಗಳ ಗೋಡೆಯ ಮೇಲೆ ಯಾರೂ ತೂಗುಹಾಕುವುದಿಲ್ಲ, ಆದರೆ ಊರಿನಲ್ಲಿ ಅಂಥ ಕೇಂದ್ರವೇ ಇಲ್ಲದವರಿಗೆ ಇದು ಧೈರ್ಯದ ಮಾತು: ಸಾದಾ ವ್ಯಾಯಾಮದ ಗುಂಪೂ ಅಷ್ಟೇ ಚೆನ್ನಾಗಿ ಎದ್ದಿತು.

ಅರಿವು ಮರಳದ ನಾಯಿಗಳ ಲೆಕ್ಕ ಬೇರೆ. ಅಲ್ಲಿ ಮಿದುಳಿನ ಅಪ್ಪಣೆಗೆ ಕಾಯದೆ, ಬೆನ್ನುಹುರಿಯ ಆ ನರಜಾಲವನ್ನೇ ಪಳಗಿಸಿ ನಡೆಸುವ ಪ್ರಯತ್ನ ತಿಂಗಳುಗಟ್ಟಲೆ ನಡೆಯುತ್ತದೆ. ಇಟಲಿಯ ವೈದ್ಯರು 2017ರಲ್ಲಿ ಪ್ರಕಟಿಸಿದ 81 ನಾಯಿಗಳ ವರದಿಯಲ್ಲಿ ಅರ್ಧಕ್ಕಿಂತ ಹೆಚ್ಚು ನಾಯಿಗಳು ಹೀಗೆ ನಡೆದವು; ಮೈ ಹಗುರ, ವಯಸ್ಸು ಚಿಕ್ಕದಿದ್ದವು ಮುಂದಿದ್ದವು. ಆ ನಡಿಗೆ ಚೆಂದವೇನಲ್ಲ. ತಿರುವಿನಲ್ಲಿ ಸೊಂಟ ವಾಲುತ್ತದೆ, ಮುಂಗಾಲಿಗೂ ಹಿಂಗಾಲಿಗೂ ತಾಳ ಕೂಡುವುದಿಲ್ಲ, ಉಚ್ಚೆಯ ಹಿಡಿತ ಬರುವುದಿಲ್ಲ. 2012ರಲ್ಲಿ ಕೇಂಬ್ರಿಜ್‌ನವರು ಇಂಥದೇ ಸ್ಥಿತಿಯ 34 ಸಾಕುನಾಯಿಗಳಲ್ಲಿ ಕೆಲವಕ್ಕೆ ಅವುಗಳ ಮೂಗಿನೊಳಗಿನ ಜೀವಕೋಶಗಳನ್ನೇ ತೆಗೆದು ಬೆನ್ನುಹುರಿಗೆ ಸೇರಿಸಿದಾಗ ಆ ತಾಳ ಸುಧಾರಿಸಿತು. ಮಿದುಳಿನ ನಂಟು ಮಾತ್ರ ಮರಳಲಿಲ್ಲ.

ನಡೆಯದೇ ಉಳಿದವಕ್ಕೆ ಎರಡು ಚಕ್ರದ ಗಾಡಿ. ನಮ್ಮ ಊರುಗಳಲ್ಲಿ ಅದು ಬೇಕಾಗುವುದು ಡ್ಯಾಶ್‌ಹೌಂಡಿಗಿಂತ ಹೆಚ್ಚಾಗಿ ವಾಹನ ಬಡಿದು ಬೆನ್ನು ಮುರಿದ ಬೀದಿನಾಯಿಗೆ. ಪಿವಿಸಿ ಪೈಪು, ಮಕ್ಕಳ ಸೈಕಲ್ಲಿನ ಚಕ್ರದಲ್ಲಿ ಕಟ್ಟಿದ ಗಾಡಿಯೂ ಆದೀತು, ಬೆನ್ನು ನೆಲಕ್ಕೆ ಸಮವಾಗಿರುವಂತೆ ಅಳತೆ ಕೂಡಿದರೆ. ಕಾಲಲ್ಲಿ ಒಂದಿಷ್ಟಾದರೂ ಚಲನೆ ಇದ್ದರೆ ಪಾದಗಳನ್ನು ಮೇಲಕ್ಕೆ ಕಟ್ಟದೆ ನೆಲ ತಾಗಲು ಬಿಡಬೇಕು. ದಿನವಿಡೀ ಅದರಲ್ಲೇ ನಿಲ್ಲಿಸಿದರೆ ಪಟ್ಟಿ ಉಜ್ಜಿ ಹುಣ್ಣಾಗುತ್ತದೆ. ಅರಿವಿಲ್ಲದ ಚರ್ಮದ ಹುಣ್ಣನ್ನು ನಾಯಿ ಹೇಳಿಕೊಳ್ಳುವುದಿಲ್ಲ, ನೊಣ ಹೇಳುತ್ತದೆ.

ಎದ್ದು ನಡೆದ ನಾಯಿಯಲ್ಲೂ ಉಳಿದ ಡಿಸ್ಕ್‌ಗಳು ಅದೇ ಹಳೆಯವು, ಇನ್ನೊಂದು ಸಿಡಿಯಬಹುದು. ಕತ್ತಿನ ಬೆಲ್ಟಿಗೆ ಬದಲು ಎದೆಗೆ ಹಾಕುವ ಪಟ್ಟಿ, ಮೈತೂಕದ ಮೇಲೆ ಕಣ್ಣು, ಮಂಚಕ್ಕೆ ಇಳಿಜಾರು ಹಲಗೆ, ಇವು ಮನೆಯವರ ಕೈಯಲ್ಲಿರುವವು. ತಳಿ ಬೆಳೆಸುವವರ ಕೈಯಲ್ಲಿರುವುದು ಬೇರೆ. ಡೆನ್ಮಾರ್ಕ್, ಫಿನ್ಲೆಂಡ್ ಮುಂತಾದ ಕಡೆ ಎರಡರಿಂದ ನಾಲ್ಕು ವರ್ಷದ ಡ್ಯಾಶ್‌ಹೌಂಡ್‌ಗಳ ಬೆನ್ನಿನ ಎಕ್ಸ್‌ರೇ ತೆಗೆದು, ಸುಣ್ಣ ಕಟ್ಟಿದ ಡಿಸ್ಕ್‌ಗಳನ್ನು ಎಣಿಸಿ, ಹೆಚ್ಚಿದ್ದವನ್ನು ಮರಿ ಮಾಡಿಸುವುದರಿಂದ ದೂರವಿಡುತ್ತಾರೆ. ನಮ್ಮಲ್ಲಿ ಮರಿ ಕೊಳ್ಳಲು ಹೋದವರು ಬಣ್ಣ ಕೇಳುತ್ತಾರೆ, ಸರ್ಟಿಫಿಕೇಟು ಕೇಳುತ್ತಾರೆ, ಬೆಲೆ ಇಳಿಸುತ್ತೀರಾ ಎಂದು ಕೇಳುತ್ತಾರೆ. ತಾಯಿಯ ಬೆನ್ನಿನ ಎಕ್ಸ್‌ರೇ ತೋರಿಸಿ ಎಂದವರನ್ನು ನಾನಿನ್ನೂ ಕಂಡಿಲ್ಲ.