ವೀಸಾ ಹತ್ತು ವರ್ಷ, ಇರೋಕೆ ಬಿಟ್ಟಿದ್ದು ಆರೇ ತಿಂಗಳು

ಬೈರಾಪಟ್ಟಣದ ನಮ್ಮ ಚಿಕ್ಕಮ್ಮ ಮಗಳ ಬಾಣಂತನಕ್ಕೆ ಅಂತ ಅಮೆರಿಕಕ್ಕೆ ಹೋಗಿದ್ದರು. ಪಾಸ್‌ಪೋರ್ಟಲ್ಲಿ ಹತ್ತು ವರ್ಷದ ಪ್ರವಾಸಿ ವೀಸಾ. ಹೊರಡೋ ಹೊತ್ತಿಗೆ ಮಗುವಿಗೆ ಹುಷಾರಿಲ್ಲ ಅಂತ ಟಿಕೆಟ್ ಮುಂದಕ್ಕೆ ಹಾಕಿಸಿದರು. ಹನ್ನೊಂದು ದಿನ ಹೆಚ್ಚಾಯಿತು. "ವೀಸಾ ಇನ್ನೂ ಎಂಟು ವರ್ಷ ಇದೆಯಲ್ಲಪ್ಪ" ಅನ್ನೋದು ಅವರ ಲೆಕ್ಕ.

ಈಗ ಮಗಳಿಗೆ ಎರಡನೇ ಹೆರಿಗೆ. ಅರ್ಜಿ ತುಂಬೋಕೆ ಕೂತ ಏಜೆಂಟೊಬ್ಬರು, "ಹನ್ನೊಂದು ದಿನ ತಾನೇ, 'ಇಲ್ಲ' ಅಂತ ಹಾಕಿಬಿಡಿ" ಅಂದರು. ಆ 'ಇಲ್ಲ' ಎಷ್ಟು ದುಬಾರಿ ಅಂತ ಹೇಳೋಕೆ ಇದನ್ನು ಬರೀತಿದ್ದೀನಿ.

ವೀಸಾ ಇರೋದು ಆ ದೇಶದ ಗಡಿಗೆ ಹೋಗಿ ಪ್ರವೇಶ ಕೇಳೋಕೆ ಮಾತ್ರ. ಎಷ್ಟು ದಿನ ಇರಬಹುದು ಅನ್ನೋದನ್ನು ಅಲ್ಲಿಳಿದಾಗ ವಲಸೆ ಅಧಿಕಾರಿ ತೀರ್ಮಾನಿಸುತ್ತಾರೆ. ಪ್ರವಾಸಿಗಳಿಗೆ ಸಾಮಾನ್ಯವಾಗಿ ಆರು ತಿಂಗಳು. ಆ ತಾರೀಖು 'ಐ-94' ದಾಖಲೆಯಲ್ಲಿರುತ್ತೆ, ಆನ್‌ಲೈನಲ್ಲೇ ನೋಡಬಹುದು. ಅದು ಮುಗಿಯೋ ಮೊದಲೇ 'ಐ-539' ಅರ್ಜಿ ಹಾಕಿ ಹೆಚ್ಚು ದಿನ ಕೇಳೋಕೂ ಅವಕಾಶವಿದೆ. ನಮ್ಮನೇಲಿ ಇದು ಯಾರಿಗೂ ಗೊತ್ತಿರಲಿಲ್ಲ.

ತಾರೀಖು ಮೀರಿದರೆ, ಒಂದೇ ದಿನವಾದರೂ, ಸಾಮಾನ್ಯವಾಗಿ ಆ ವೀಸಾ ರದ್ದಾದಂತೆ. ಪಾಸ್‌ಪೋರ್ಟಲ್ಲಿ ಏನೇ ಅಚ್ಚಾಗಿರಲಿ, ಸ್ವದೇಶದಿಂದಲೇ ಹೊಸದಾಗಿ ಅರ್ಜಿ ಹಾಕಬೇಕು. 180 ದಿನ ದಾಟಿ ಉಳಿದು ಹೊರಬಂದರೆ 3 ವರ್ಷ, ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚಾದರೆ 10 ವರ್ಷ ನಿಷೇಧ. ಹನ್ನೊಂದು ದಿನಕ್ಕೆ ಈ ನಿಷೇಧ ಇಲ್ಲ.

ಹಾಗಾದ್ರೆ ಅಪಾಯ ಎಲ್ಲಿದೆ? ಸುಳ್ಳಲ್ಲಿ. 'ಡಿಎಸ್-160' ಅರ್ಜಿ, ಅವಧಿ ಮೀರಿ ಇದ್ದಿರಾ ಅಂತ ನೇರವಾಗಿ ಕೇಳುತ್ತೆ. ನೀವು ಹೊರಟ ದಿನದ ದಾಖಲೆ ಅವರ ಹತ್ತಿರ ಇರುತ್ತೆ. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಜೀವನಪೂರ್ತಿ ಅನರ್ಹರಾಗಬಹುದು. ಹನ್ನೊಂದು ದಿನದ ತಪ್ಪು ಆಮೇಲೆ ವಂಚನೆ ಅನ್ನಿಸಿಕೊಳ್ಳುತ್ತೆ.

ಈ 3, 10 ವರ್ಷದ ನಿಷೇಧ 1996ರ ಕಾನೂನಿನದು. ದೇಶ ಬಿಟ್ಟು ಹೊರಟಾಗಲೇ ಜಾರಿಯಾಗೋದರಿಂದ, ತುಂಬಾ ದಿನ ಮೀರಿದವರು ಹೊರಡೋಕೇ ಹೆದರುತ್ತಾರೆ. 2024ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಯುಎಇ ಬೇರೆ ದಾರಿ ಹಿಡಿಯಿತು: ದಂಡ ಮನ್ನಾ ಮಾಡಿ, ನಿಷೇಧವಿಲ್ಲದೆ ಮನೆಗೆ ಹೋಗೋಕೆ ಬಿಟ್ಟಿತು. ಭಾರತದಲ್ಲಿನ ಅಮೆರಿಕ ರಾಯಭಾರ ಕಚೇರಿ ಮಾತ್ರ 2025ರ ಮೇನಲ್ಲಿ, ಅವಧಿ ಮೀರಿದರೆ ಶಾಶ್ವತ ನಿಷೇಧವೂ ಬರಬಹುದು ಅಂತ ಎಚ್ಚರಿಸಿತು. ಎಚ್ಚರಿಕೆ ಇಂಗ್ಲಿಷಲ್ಲಿ, ಬಾಣಂತನಕ್ಕೆ ಹೋಗೋರು ಕನ್ನಡದವರು. ನಡುವಿನ ಜಾಗ ಏಜೆಂಟರದ್ದು.

ಚಿಕ್ಕಮ್ಮ 'ಹೌದು' ಅಂತಲೇ ಹಾಕಿದ್ದಾರೆ. ಜೊತೆಗೆ ಮಗುವಿನ ಆಸ್ಪತ್ರೆ ಕಾಗದ, ಬದಲಾಯಿಸಿದ ಟಿಕೆಟ್, ಹಿಪ್ಪುನೇರಳೆ ತೋಟದ ಪಹಣಿ ಜೋಡಿಸಿಟ್ಟಿದ್ದಾರೆ. ವಾಪಸ್ ಬರ್ತೀನಿ ಅಂತ ನಂಬಿಸೋ ಹೊಣೆ ಅರ್ಜಿದಾರರದ್ದೇ. ವೀಸಾ ಸಿಕ್ಕೇ ಸಿಗುತ್ತೆ ಅನ್ನೋ ಖಾತ್ರಿ ಇಲ್ಲ. ಆದರೆ ಈ ಸಲ ಸಿಗದಿದ್ದರೂ ಮುಂದೆ ಮತ್ತೆ ಕೇಳೋ ದಾರಿ ಉಳಿದಿರುತ್ತೆ.

ನಿಮ್ಮನೇಲಿ ಯಾರಾದರೂ ಅಲ್ಲಿದ್ದರೆ, ಇವತ್ತೇ ಅವರ ಐ-94 ತಾರೀಖು ನೋಡಿ.