ಜೋಡಿ ಹೆಜ್ಜೆಯ ಅಂಗಳ

ಅಜ್ಜಂಪುರ ದಾಟುತ್ತಿದ್ದಂತೆ ರಸ್ತೆಯ ಎರಡೂ ಬದಿ ಈರುಳ್ಳಿ. ಕಿತ್ತು ಒಣಗಲು ಹರವಿದ್ದು, ರಾಶಿ ಹಾಕಿ ತಾಡಪಾಲು ಮುಚ್ಚಿದ್ದು, ಚೀಲಕ್ಕೆ ತುಂಬಿ ಲಾರಿಗೆ ಕಾಯುತ್ತಿದ್ದುದು. ಶ್ರಾವಣ ಕಳೆದಿತ್ತು, ದಸರಾಕ್ಕೆ ಇನ್ನೂ ದಿನವಿತ್ತು. ಹೊಲದ ಕೆಲಸ ಇಷ್ಟು ಬಿಗಿಯಾಗಿರುವಾಗ ವೀರಗಾಸೆ ತಾಲೀಮಿಗೆ ಯಾರು ಸಿಗುತ್ತಾರೋ ಎಂಬ ಅನುಮಾನದಲ್ಲೇ ಆಟೊದಿಂದ ಇಳಿದೆ. ಊರಿನ ಹೆಸರಾಗಲಿ, ತಮ್ಮ ಹೆಸರಾಗಲಿ ಬರೆಯುವುದು ಬೇಡ ಎಂದು ತಂಡದ ಹಿರಿಯರು ಮೊದಲೇ ಹೇಳಿದ್ದರು.

ವೀರಭದ್ರನ ಗುಡಿ ಚಿಕ್ಕದು, ಎದುರಿನ ಅಂಗಳ ದೊಡ್ಡದು. ಕಟ್ಟೆಯ ಕೆಳಗೆ ಬಿಟ್ಟಿದ್ದ ಚಪ್ಪಲಿಗಳನ್ನು ನೋಡಿಯೇ ನನ್ನ ಅನುಮಾನ ಹೋಯಿತು. ಕೆಸರು ಮೆತ್ತಿದ ರಬ್ಬರ್ ಚಪ್ಪಲಿ, ಕಾಲೇಜಿಗೆ ಹಾಕುವ ಬೂಟು, ಹೀಲ್ಸ್ ಇರುವ ಒಂದು ಜೊತೆ. ಹೊಲದಿಂದ ಬಂದವರೂ ಕಾಲೇಜಿನಿಂದ ಬಂದವರೂ ಒಟ್ಟಿಗೇ ಸೇರಿದ್ದರು. ನಾನೂ ಚಪ್ಪಲಿ ಬಿಟ್ಟು ಅಂಗಳಕ್ಕೆ ಕಾಲಿಟ್ಟೆ. ಹದವಾಗಿ ನೀರು ಹಾಕಿ ಗಟ್ಟಿ ಮಾಡಿದ ನೆಲ, ಅಲ್ಲಲ್ಲಿ ಸಗಣಿ ಸಾರಿಸಿದ ಗುರುತು.

ಒಂದು ಮೂಲೆಯಲ್ಲಿ ಒಲೆಯಷ್ಟು ಬೆಂಕಿ. ಅದರ ಮುಂದೆ ಒಬ್ಬರು ಸಂಬಾಳ ವಾದ್ಯವನ್ನು ತಿರುಗಿಸಿ ತಿರುಗಿಸಿ ಕಾಯಿಸುತ್ತಿದ್ದರು. ತೇವಕ್ಕೆ ಚರ್ಮ ಇಳಿದರೆ ನಾದ ಮಂಕಾಗುತ್ತದೆ, ಕುಣಿಯುವವರ ಕಾಲೂ ಏಳುವುದಿಲ್ಲ ಎಂದರು. ಆಗಾಗ ಬೆರಳಿಂದ ತಟ್ಟಿ ನೋಡಿ ಮತ್ತೆ ಬೆಂಕಿಗೆ ಹಿಡಿಯುತ್ತಿದ್ದರು. ಎರಡು ತಟ್ಟುಗಳ ನಡುವೆ ಅವರಿಗೆ ಕೇಳಿಸಿದ ವ್ಯತ್ಯಾಸ ನನಗೆ ಕೇಳಿಸಲಿಲ್ಲ.

ತಾಲೀಮು ಶುರುವಾಯಿತು. ದೊಡ್ಡವರು ಮುಂದೆ, ಹೊಸಬರು ತುದಿಗೆ. ಬ್ಯಾಲೆ ತಂಡಗಳಲ್ಲೂ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಮೊದಲು ಹಿಂದಿನ ಸಾಲಿನ ಗುಂಪಿನಲ್ಲೇ ಕುಣಿಯುತ್ತಾರೆ. ಅವರು ಕಲಿಯುವುದು ಗೋಡೆಯುದ್ದದ ಕನ್ನಡಿಯ ಎದುರು, ಮರದ ಕಂಬಿ ಹಿಡಿದು. ಇಲ್ಲಿ ಕಂಬಿಯೂ ಇಲ್ಲ, ಕನ್ನಡಿಯೂ ಇಲ್ಲ. ತಪ್ಪಿದ್ದು ಗೊತ್ತಾಗುವುದು ಎದುರಿಗೆ ನಿಂತ ಜೋಡಿಯಿಂದ. ವೀರಗಾಸೆಗೆ ಇಬ್ಬರು, ನಾಲ್ವರು, ಆರು ಮಂದಿ ಹೀಗೆ ಸಮಸಂಖ್ಯೆಯಲ್ಲಿ ನಿಲ್ಲುತ್ತಾರೆ. ಎದುರಿನವರ ಕತ್ತಿ ಎದ್ದಾಗ ನಿಮ್ಮದೂ ಎದ್ದಿರಬೇಕು.

ತುದಿಯಲ್ಲಿದ್ದ ಹುಡುಗಿ ಡಿಗ್ರಿ ಎರಡನೇ ವರ್ಷದವಳು. ಬಲಗೈಯಲ್ಲಿ ಕತ್ತಿಯ ಬದಲು ಕೋಲು, ಎಡಗೈಯಲ್ಲಿ ವೀರಭದ್ರನ ಹಲಗೆಯ ಬದಲು ಮಡಚಿದ ಟವೆಲ್ಲು. ಸುತ್ತು ಹಾಕುವಾಗ ಅವಳ ಕೋಲು ಪ್ರತಿಸಲ ಅರೆಗಳಿಗೆ ಮೊದಲೇ ಮೇಲೇಳುತ್ತಿತ್ತು. ಹಿರಿಯರು ಬಡಿತ ನಿಲ್ಲಿಸಿದರು.

"ಕೈ ಆಮೇಲೆ ಕಣವ್ವಾ, ಮೊದ್ಲು ಹೆಜ್ಜೆ ಒತ್ತು."

"ಒತ್ತಿದ್ನಲ್ಲ ದೊಡ್ಡಪ್ಪ."

"ಒತ್ತಿದ್ರೆ ನೆಲ ಹೇಳ್ಬೇಕು. ನೀನು ಹೇಳ್ತಿದ್ದೀಯ."

ಅವಳು ಮತ್ತೆ ಹಾಕಿದಳು. ಈ ಸಲ ನೆಲದಿಂದ ಧಪ್ಪೆಂದು ಸದ್ದು ಬಂತು. ಕೋಲು ಎದುರಿನವರ ಜೊತೆಗೇ ಎದ್ದಿತು. ದೊಡ್ಡಪ್ಪ ಏನೂ ಹೇಳದೆ ಬಡಿತ ಮುಂದುವರಿಸಿದರು. ಅವಳ ಮುಖ ನೋಡಿದರೆ ಅಷ್ಟೇ ಸಾಕಿತ್ತು ಅನಿಸಿತು.

ಅವಳಿಗೆ ತಂಡದಲ್ಲಿ ಜಾಗ ಸಿಕ್ಕಿದ್ದೂ ಈ ಜೋಡಿಯ ಲೆಕ್ಕದಿಂದಲೇ. ತಂಡದ ಒಬ್ಬ ಯುವಕ ಕೆಲಸಕ್ಕೆಂದು ಬೆಂಗಳೂರಿಗೆ ಹೋದ. ಉಳಿದವರು ಬೆಸಸಂಖ್ಯೆಯಾದರು. ಚಿಕ್ಕಂದಿನಿಂದ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ ಹುಡುಗಿಗೆ ಹೆಜ್ಜೆ ಗೊತ್ತಿತ್ತು. ಹಿಂದೆ ಇದು ಗಂಡಸರದೇ ಕುಣಿತ. ಈಗ ಹೆಂಗಸರ ತಂಡಗಳೇ ಇವೆ, ಮೆರವಣಿಗೆಗಳಲ್ಲಿ ನಾನೂ ನೋಡಿದ್ದೇನೆ. ಆದರೆ ಗಂಡಸರ ಸಾಲಿನಲ್ಲಿ ಮನೆಯ ಮಗಳನ್ನು ನಿಲ್ಲಿಸುವಾಗ ಇಲ್ಲಿ ಏನೇನು ಮಾತು ನಡೆಯಿತೋ. ಕೇಳಿದ್ದಕ್ಕೆ ದೊಡ್ಡಪ್ಪ, "ಒಬ್ರು ಕಮ್ಮಿ ಇದ್ರು, ನಿಂತ್ಲು" ಎಂದಷ್ಟೇ ಹೇಳಿದರು.

ಗುಡಿಯ ಬಲಕ್ಕೆ ತಗಡಿನ ಮಾಡಿನ ಕೋಣೆ. ಬಾಗಿಲು ತಗ್ಗು, ಬಗ್ಗಿ ಹೋಗಬೇಕು. ಒಳಗೆ ಕಬ್ಬಿಣದ ಟ್ರಂಕು, ಗೋಡೆಯ ಗೂಟಗಳಿಗೆ ತೂಗುಹಾಕಿದ ರುದ್ರಾಕ್ಷಿ ಸರಗಳು, ಹಲಗೆಯ ಮೇಲೆ ಸಾಲಾಗಿ ಪೇಟಗಳು. ಪೇಟದ ಹಿಂದೆ ಬಿಳಿಯ ಚೌರಿ ಬೆನ್ನಿನವರೆಗೆ ಇಳಿಯುತ್ತದೆ. ಟ್ರಂಕಿನ ತಳದಲ್ಲಿ ಬಟ್ಟೆ ಸುತ್ತಿಟ್ಟಿದ್ದ ವೀರಭದ್ರನ ಹಲಗೆಯನ್ನು ಹುಡುಗಿ ತೆಗೆದು ತೋರಿಸಿದಳು. ನನ್ನ ಕೈಗೆ ಕೊಡಲಿಲ್ಲ, ನಾನೂ ಕೇಳಲಿಲ್ಲ. ಇದು ಕುಣಿತದ ಸಾಮಾನಷ್ಟೇ ಅಲ್ಲ, ದೇವರು. ಪಯಣದಲ್ಲೂ ಇದನ್ನು ಸೀಟಿನ ಕೆಳಗೆ ಇಡುವುದಿಲ್ಲ, ಯಾರಾದರೊಬ್ಬರು ತೊಡೆಯ ಮೇಲೆ ಇಟ್ಟುಕೊಂಡೇ ಹೋಗುತ್ತಾರಂತೆ. ಹೊಸಬಳಾದ್ದರಿಂದ ಆ ಕೆಲಸ ಈಗ ಅವಳದು.

ಅವಳು ವೇಷ ಕಟ್ಟುವುದನ್ನೂ ನೋಡಿದೆ. ಮೊದಲು ಕಾಲು. ಹಳೆಯ ಲುಂಗಿಯಿಂದ ಹರಿದ ಪಟ್ಟಿಯನ್ನು ಕಣಕಾಲಿಗೆ ಮೂರು ಸುತ್ತು ಬಿಗಿದು, ಅದರ ಮೇಲೆ ಗೆಜ್ಜೆ. ಪಟ್ಟಿ ಇಲ್ಲದಿದ್ದರೆ ಮೊದಲ ಗಂಟೆಯಲ್ಲೇ ಚರ್ಮ ಸುಲಿಯುತ್ತದೆ. ಆಮೇಲೆ ಕಾವಿ ಕಾಸೆ, ಸೊಂಟದ ಪಟ್ಟಿ, ಸರಗಳು, ನಾಗಾಭರಣ. ಕೊನೆಗೆ ವಿಭೂತಿ. ನೀರಲ್ಲಿ ಕಲಸಿದ ವಿಭೂತಿ ಬಳಿದ ಕೂಡಲೇ ಕಾಣುವುದಿಲ್ಲ. ಹಣೆ, ಹುಬ್ಬು, ಕಿವಿ ಬರೀ ಒದ್ದೆಯಾಗಿ ಹೊಳೆಯುತ್ತವೆ. ಒಣಗುತ್ತ ಬಂದಂತೆ ಒಂದೊಂದೇ ಗೆರೆ ಬೆಳ್ಳಗೆ ಮೂಡಿತು. ನಡುವೆ ಅವಳ ಫೋನು ಒಂದೆರಡು ಸಲ ಸದ್ದು ಮಾಡಿತು, ಎತ್ತಲಿಲ್ಲ.

ಕಿಟಕಿಯ ಪಕ್ಕ ನೂರು ಪುಟದ ನೋಟ್‌ಬುಕ್ಕು ಇತ್ತು. ಮುಂದಿನಿಂದ ಕಾಲೇಜಿನ ನೋಟ್ಸು, ಹಿಂದಿನಿಂದ ಒಡಪುಗಳು. ದಕ್ಷನ ಯಜ್ಞ, ದಾಕ್ಷಾಯಣಿಗಾದ ಅವಮಾನ, ಶಿವನ ಜಟೆಯಿಂದ ವೀರಭದ್ರ ಹುಟ್ಟಿ ಬಂದದ್ದು, ಇವೆಲ್ಲ ಒಡಪಿನಲ್ಲಿ ಬರುತ್ತವೆ. ಕುಣಿತ ನಿಲ್ಲಿಸಿ ಒಬ್ಬರು ಏರುದನಿಯಲ್ಲಿ ಒಡಪು ಹೇಳುತ್ತಾರೆ, ಮುಗಿದ ಕೂಡಲೇ ವಾದ್ಯ ಎತ್ತಿಕೊಳ್ಳುತ್ತದೆ. ಹಿರಿಯರದು ಬಾಯಿಂದ ಬಾಯಿಗೆ ಬಂದ ಪಾಠ. ಹುಡುಗಿ ಮಾತ್ರ ಬರೆದುಕೊಂಡು, ಉಸಿರು ತೆಗೆದುಕೊಳ್ಳುವ ಜಾಗಕ್ಕೆಲ್ಲ ಕೆಂಪು ಪೆನ್ನಿನ ಅಡ್ಡಗೆರೆ ಹಾಕಿಟ್ಟಿದ್ದಾಳೆ. ಜನಜಂಗುಳಿಯ ನಡುವೆ, ಮೈಕಿಲ್ಲದೆ, ಕುಣಿದು ದಣಿದ ಎದೆಯಿಂದ ಹೇಳಬೇಕಾದ ಮಾತು ಅದು. ಅವಳಿಗಿನ್ನೂ ಒಡಪು ಹೇಳುವ ಸರದಿ ಬಂದಿಲ್ಲ. ಶಸ್ತ್ರ ಹಾಕಿಸಿಕೊಳ್ಳುವ, ಅಂದರೆ ಬಾಯಿಗೆ ಸರಳು ಚುಚ್ಚಿಸಿಕೊಳ್ಳುವ ಆಚರಣೆಯ ಬಗ್ಗೆಯೂ ಕೇಳಬೇಕೆಂದಿದ್ದೆ, ಕೇಳುವುದು ಸರಿಯೋ ತಪ್ಪೋ ತಿಳಿಯದೆ ಬಿಟ್ಟೆ.

ಬಾಗಿಲ ಹಿಂದಿನ ಕ್ಯಾಲೆಂಡರಿನಲ್ಲಿ ಕೆಲವು ದಿನಗಳಿಗೆ ಸುತ್ತು ಹಾಕಿದ್ದರು. ಶ್ರಾವಣದ ತುಂಬ ಸುತ್ತುಗಳು: ಗುಗ್ಗುಳ, ಗೃಹಪ್ರವೇಶ, ಕಡೂರು ಬೀರೂರು ಕಡೆಯ ಜಾತ್ರೆಗಳು. ದಸರಾದ ವಾರಕ್ಕೆ ದೊಡ್ಡದೊಂದು ಸುತ್ತು. ಮೈಸೂರಿನ ಜಂಬೂಸವಾರಿಯಲ್ಲಿ ವೀರಗಾಸೆ ಇದ್ದೇ ಇರುತ್ತದೆ, ಅರಮನೆಯಿಂದ ಬನ್ನಿಮಂಟಪಕ್ಕೆ ಸುಮಾರು 5 ಕಿಲೋಮೀಟರು. ಮಣ್ಣಿನ ನೆಲದಲ್ಲಿ ಕಲಿತ ಹೆಜ್ಜೆಯನ್ನು ಡಾಂಬರಿನ ಮೇಲೆ, ಬರಿಗಾಲಲ್ಲಿ ಹಾಕಬೇಕು. ಕುಣಿಯುವುದಕ್ಕಿಂತ ಸಾಲು ಹೊರಡುವ ತನಕ ವೇಷ ಕಟ್ಟಿಕೊಂಡು ಬಿಸಿಲಲ್ಲಿ ನಿಂತಿರುವುದೇ ಕಷ್ಟ ಎಂದು ತಂಡದ ಹುಡುಗನೊಬ್ಬ ಹೇಳಿದ. ಸೊಂಟದ ಪಟ್ಟಿ ಬಿಗಿದಿದ್ದರೆ ನೀರು ಕುಡಿಯಲೂ ಯೋಚಿಸಬೇಕಂತೆ.

ಹೊರಗೆ ಬಂದಾಗ ಕಟ್ಟೆಯ ಮೇಲೆ ಚಹಾ, ಮಂಡಕ್ಕಿ ಬಂದಿತ್ತು. ದುಡ್ಡಿನ ಮಾತು ಇಲ್ಲೇ ಬಂತು. ಬಂದ ಸಂಭಾವನೆಯಲ್ಲಿ ಟೆಂಪೊ ಬಾಡಿಗೆ, ಊಟದ ಖರ್ಚು ಕಳೆದು ಉಳಿದದ್ದನ್ನು ಸಮಪಾಲು ಮಾಡುತ್ತಾರೆ, ತುದಿಯಲ್ಲಿ ನಿಂತವರಿಗೂ ಅಷ್ಟೇ. ಮನೆ ಕಾರ್ಯಕ್ರಮಗಳಲ್ಲಿ ದುಡ್ಡು ಅಲ್ಲೇ ಕೈಗೆ ಬರುತ್ತದೆ. ದೊಡ್ಡ ಉತ್ಸವಗಳದ್ದು ಖಾತೆಗೆ ಬೀಳುವ ಹೊತ್ತಿಗೆ ಡೀಸೆಲ್ಲಿಗೆ ಮಾಡಿದ ಸಾಲದ ಮಾತು ಎದ್ದಿರುತ್ತದೆ. ಕೇಳಿ ನನಗೆ ಬೇಸರವೂ ಆಯಿತು, ಸಿಟ್ಟೂ ಬಂತು. ಕಲೆ ಉಳಿಯಲಿ ಎಂದು ವೇದಿಕೆಯಲ್ಲಿ ಹೇಳುವವರು ಹೊರಡುವ ಮೊದಲೇ ಟೆಂಪೊ ಬಾಡಿಗೆ ಕೊಟ್ಟರೆ, ಬೆಂಗಳೂರಿಗೆ ಹೋದ ಆ ಯುವಕನಂಥವರು ಇಲ್ಲೇ ಇರಬಹುದೇನೋ. ಖಚಿತವಾಗಿ ಹೇಳಲಾರೆ. ಅವನಿಗೆ ಬೇರೆ ಕಾರಣಗಳೂ ಇದ್ದಿರಬಹುದು.

"ನೀನೇನ್ ಮಾಡ್ತೀಯಮ್ಮ, ಡಿಗ್ರಿ ಮುಗಿದ್ಮೇಲೆ?" ಎಂದು ಹುಡುಗಿಯನ್ನು ಕೇಳಿದೆ.

"ಬಿ.ಎಡ್. ಮಾಡ್ಬೇಕು ಸಾರ್. ಇಸ್ಕೂಲ್ ಟೀಚರಾದ್ರೆ ದಸರಾಕ್ಕೆ ರಜ ಇರುತ್ತೆ."

ಅವಳು ನೌಕರಿಯನ್ನು ಕುಣಿತಕ್ಕೆ ಹೊಂದಿಸುತ್ತಿದ್ದಳು. ಸುತ್ತ ಕೂತವರಿಗೆ ಅದು ಸಹಜವಾಗಿಯೇ ಕೇಳಿಸಿರಬೇಕು, ಯಾರೂ ತಲೆ ಎತ್ತಲಿಲ್ಲ. ನನಗೆ ಮಾತ್ರ ಅವಳ ಬಗ್ಗೆ ಬಹಳ ಗೌರವ ಬಂತು.

ಸದ್ಯದ ತೊಡಕು ಬೇರೆ. ಕ್ಯಾಲೆಂಡರಿನ ಆ ದೊಡ್ಡ ಸುತ್ತು ಶುರುವಾಗುವ ದಿನವೇ ಕಾಲೇಜಿನಲ್ಲಿ ಇಂಟರ್ನಲ್ ಪರೀಕ್ಷೆ. ಪರೀಕ್ಷೆ ಬೇರೆ ದಿನ ಬರೆಯಲು ಅವಕಾಶ ಕೊಡಿ ಎಂದು ಪ್ರಾಂಶುಪಾಲರಿಗೆ ಪತ್ರ ಕೊಡಬೇಕಿತ್ತು. ದೊಡ್ಡಪ್ಪ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ನನ್ನ ಮುಂದಿಟ್ಟರು. ನಾನು ಬರೆದೆ, ಅವಳು ಓದಿ ಎರಡು ಕಡೆ ತಿದ್ದಿದಳು, ಮನೆ ವಿಳಾಸ ಸೇರಿಸಿದಳು. ದೊಡ್ಡಪ್ಪನ ಸಹಿ ಆಗುವಷ್ಟರಲ್ಲಿ ಅಜ್ಜಂಪುರಕ್ಕೆ ಹೋಗುವ ಬಸ್ಸು ಬಂತು.