ಕಡಲು ದಾಟುವ ಹಳೆಯ ಕಾರು

1956ರ ಜುಲೈ 25ರ ರಾತ್ರಿ. ಇಟಲಿಯಿಂದ ನ್ಯೂಯಾರ್ಕಿಗೆ ಹೊರಟಿದ್ದ 'ಆಂಡ್ರಿಯಾ ಡೋರಿಯಾ' ಎಂಬ ಪ್ರಯಾಣಿಕರ ಹಡಗಿಗೆ, ಅಮೆರಿಕದ ನಾಂಟಕೆಟ್ ದ್ವೀಪದ ಬಳಿ ದಟ್ಟ ಮಂಜಿನಲ್ಲಿ ಸ್ವೀಡನ್ನಿನ 'ಸ್ಟಾಕ್‌ಹೋಮ್' ಹಡಗು ಡಿಕ್ಕಿ ಹೊಡೆಯಿತು. ಎರಡೂ ಹಡಗುಗಳಲ್ಲಿ ಸೇರಿ 51 ಮಂದಿ ಪ್ರಾಣ ಕಳೆದುಕೊಂಡರು. ಡಿಕ್ಕಿಯಾದ ಸುಮಾರು ಹನ್ನೊಂದು ಗಂಟೆಗಳ ನಂತರ ಆಂಡ್ರಿಯಾ ಡೋರಿಯಾ ಮುಳುಗಿತು.

ಅದರ ಸರಕು ಕೋಣೆಯಲ್ಲಿ 'ನಾರ್ಸ್‌ಮನ್' ಎಂಬ ಕಾರಿತ್ತು. ಅಮೆರಿಕದ ಕ್ರೈಸ್ಲರ್ ಕಂಪನಿಗಾಗಿ ಇಟಲಿಯ ಟ್ಯೂರಿನ್ ನಗರದ ಘಿಯಾ ಕಾರ್ಖಾನೆಯವರು ಅದನ್ನು ಕೈಯಿಂದಲೇ ಕಟ್ಟಿದ್ದರು. ಮುಂಗಾಜಿನ ಎರಡೂ ಬದಿ ಕಂಬಗಳಿಲ್ಲದೆ, ಹಿಂಭಾಗದ ಆಧಾರದಿಂದಲೇ ಚಾಚಿಕೊಂಡಿದ್ದ ಚಾವಣಿ ಅದರ ವಿಶೇಷ. ಜಗತ್ತಿನಲ್ಲಿ ಇದ್ದದ್ದು ಅದೊಂದೇ. ಅಮೆರಿಕದ ಜನ ಅದನ್ನು ನೋಡಲೇ ಇಲ್ಲ.

ಅಪರೂಪದ ಕಾರುಗಳ ಸಮುದ್ರಯಾನ ಇಂದೂ ನಡೆದೇ ಇದೆ. ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್, ಇಂಗ್ಲೆಂಡಿನ ಗುಡ್‌ವುಡ್ ಮೊದಲಾದೆಡೆಯ ಪ್ರದರ್ಶನಗಳಿಗೂ ಹರಾಜುಗಳಿಗೂ ಹಳೆಯ ಕಾರುಗಳು ಕಡಲು ದಾಟುತ್ತವೆ. ದಾಟುವ ಮುಖ್ಯ ದಾರಿ ಎರಡು. ಕಬ್ಬಿಣದ ಕಂಟೇನರಿನೊಳಗೆ ಕಟ್ಟಿ ಕಳಿಸುವುದು ಒಂದು. ಕಾರನ್ನು ಹಡಗಿನೊಳಕ್ಕೇ ಓಡಿಸಿ ನಿಲ್ಲಿಸುವ 'ರೋ-ರೋ' ಹಡಗು ಇನ್ನೊಂದು. ಎರಡಕ್ಕೂ ಅವುಗಳದೇ ಅಪಾಯಗಳಿವೆ.

ಪೆಟ್ಟಿಗೆಯೊಳಗಿನ ಮಳೆ

ಕಂಟೇನರಿನಲ್ಲಿ ಕಾರಿನ ಶತ್ರು ಅಲೆಯಲ್ಲ, ಗಾಳಿಯಲ್ಲಿರುವ ನೀರಾವಿ. ತೇವದಿಂದ ತುಂಬಿದ 30 ಡಿಗ್ರಿ ಸೆಲ್ಸಿಯಸ್‌ನ ಗಾಳಿ ಒಂದು ಘನ ಮೀಟರಿಗೆ ಸುಮಾರು 30 ಗ್ರಾಂ ನೀರನ್ನು ಹೊತ್ತಿರುತ್ತದೆ. ಅದೇ ಗಾಳಿ 10 ಡಿಗ್ರಿಗೆ ತಣ್ಣಗಾದರೆ ಸುಮಾರು 9 ಗ್ರಾಂ ಮಾತ್ರ ಹೊರಬಲ್ಲದು. ಉಳಿದದ್ದು ಹನಿಯಾಗಲೇಬೇಕು. 20 ಅಡಿಯ ಖಾಲಿ ಕಂಟೇನರಿನ ಒಳಗಾತ್ರ ಸುಮಾರು 33 ಘನ ಮೀಟರ್. ಲೆಕ್ಕ ಹಾಕಿದರೆ ಮುಕ್ಕಾಲು ಲೀಟರಿಗೆ ಸ್ವಲ್ಪ ಕಡಿಮೆ ನೀರು! ತಣ್ಣೀರಿನ ತಂಬಿಗೆಯ ಹೊರಮೈ ಬೆವರುವಂತೆ ಕಂಟೇನರಿನ ಸೂರು ಒಳಗೆ ಬೆವರಿ, ಕಾರಿನ ಮೇಲೆ ತೊಟ್ಟಿಕ್ಕುತ್ತದೆ.

ತುಕ್ಕು ಹಿಡಿಯುವುದು ವಿದ್ಯುತ್ ರಾಸಾಯನಿಕ ಕ್ರಿಯೆ. ನೀರಿಗೆ ಉಪ್ಪು ಸೇರಿದರೆ ಅದು ಚುರುಕಾಗುತ್ತದೆ. ಸತುವಿನ ಲೇಪವಿಲ್ಲದ ಹಳೆಯ ಉಕ್ಕಿಗೆ ಇದಕ್ಕಿಂತ ಕೇಡು ಬೇರಿಲ್ಲ. ಆದ್ದರಿಂದಲೇ ತೇವ ಹೀರುವ ಪೊಟ್ಟಣಗಳನ್ನು ತೂಗುಹಾಕುತ್ತಾರೆ. ಕಾರಿಗೆ ಪ್ಲಾಸ್ಟಿಕ್ ಸುತ್ತುವುದು ತಪ್ಪು. ಅದು ತೇವವನ್ನು ಒಳಗೇ ಕೂಡಿಹಾಕುತ್ತದೆ. ಗಾಳಿಯಾಡುವ ಬಟ್ಟೆಯ ಹೊದಿಕೆ ಲೇಸು.

ಲೆಕ್ಕ ತಪ್ಪಿದರೆ

ದೋಣಿಯಲ್ಲಿ ಎದ್ದು ನಿಂತವರನ್ನು ಅಂಬಿಗ ಗದರುವುದೇಕೆ? ಭಾರ ಮೇಲೇರಿದಷ್ಟೂ ಗುರುತ್ವ ಕೇಂದ್ರ ಮೇಲೇರಿ ದೋಣಿ ಮಗುಚುವ ಸಂಭವ ಹೆಚ್ಚು. ರೋ-ರೋ ಹಡಗು ತೇಲುವ ಬಹುಮಹಡಿ ಕಟ್ಟಡವಿದ್ದಂತೆ. ಕಾರುಗಳು ಮೇಲಿನ ಅಂತಸ್ತುಗಳವರೆಗೂ ತುಂಬಿರುತ್ತವೆ. ಅದನ್ನು ಸರಿದೂಗಿಸಲು ತಳದ ತೊಟ್ಟಿಗಳಲ್ಲಿ ಸಾಕಷ್ಟು ನೀರು ತುಂಬಬೇಕು.

2019ರ ಸೆಪ್ಟೆಂಬರ್ 8ರಂದು ಸುಮಾರು 4,200 ವಾಹನಗಳನ್ನು ಹೊತ್ತ 'ಗೋಲ್ಡನ್ ರೇ', ಅಮೆರಿಕದ ಜಾರ್ಜಿಯಾ ರಾಜ್ಯದ ಬ್ರನ್ಸ್‌ವಿಕ್ ಬಂದರು ಬಿಟ್ಟು ಸಾಗರ ಸೇರುವ ಮೊದಲೇ, ಒಂದು ತಿರುವಿನಲ್ಲಿ ಮಗ್ಗುಲಾಯಿತು. ಬಿರುಗಾಳಿ ಇರಲಿಲ್ಲ. ತೊಟ್ಟಿಯ ನೀರಿನ ಪ್ರಮಾಣವನ್ನು ಕಂಪ್ಯೂಟರಿಗೆ ತಪ್ಪಾಗಿ ತುಂಬಿದ್ದೇ ಕಾರಣವೆಂದು ತನಿಖೆ ಹೇಳಿತು. ಜನರೆಲ್ಲ ಬದುಕಿದರು, ಹಡಗನ್ನು ಕಾರುಗಳ ಸಮೇತ ತುಂಡು ತುಂಡಾಗಿ ಕತ್ತರಿಸಿ ತೆಗೆಯಬೇಕಾಯಿತು.

ದಡ ಸೇರಿದ ಮೇಲೂ

ಕಾರು ಸುರಕ್ಷಿತವಾಗಿದ್ದರೂ ಹಣ ತೆರಬೇಕಾಗಬಹುದು. ಹಡಗನ್ನು ಉಳಿಸಲು ಆದ ಖರ್ಚನ್ನು ಅದರಲ್ಲಿ ಸರಕು ಇಟ್ಟವರೆಲ್ಲ ಪಾಲು ಹಂಚಿಕೊಳ್ಳಬೇಕೆಂಬ ಪ್ರಾಚೀನ ನಿಯಮ ಇಂದಿಗೂ ಜಾರಿಯಲ್ಲಿದೆ. 2021ರ ಮಾರ್ಚಿನಲ್ಲಿ ಸೂಯೆಜ್ ಕಾಲುವೆಗೆ ಅಡ್ಡವಾಗಿ ಸಿಕ್ಕಿಕೊಂಡ 'ಎವರ್ ಗಿವನ್' ಹಡಗಿನ ಮಾಲೀಕರು ಈ ನಿಯಮವನ್ನೇ ಹಿಡಿದರು. ವಿಮೆ ಇಲ್ಲದವನ ಪಾಡೇನು?

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ಕಡಲು ಬಿಟ್ಟರೂ ಸುಂಕದ ಕಟ್ಟೆ ಬಿಡದು. ಹಳೆಯ ಕಾರುಗಳ ಬ್ರೇಕ್, ಕ್ಲಚ್, ಗ್ಯಾಸ್ಕೆಟ್‌ಗಳಲ್ಲಿ ಕಲ್ನಾರು ಇರುವುದುಂಟು. ಆಸ್ಟ್ರೇಲಿಯಾ 2003ರ ಕೊನೆಯಿಂದ ಕಲ್ನಾರಿನ ಆಮದನ್ನು ನಿಷೇಧಿಸಿದೆ. ಅಲ್ಲಿಗೆ ಹೋದ ಕಾರು ಪರೀಕ್ಷೆಗಾಗಿ ಬಂದರಿನಲ್ಲೇ ಕೊಳೆಯಬಹುದು.

ಹಾಗಾದರೆ ವಿಮೆಯೇ ಪರಿಹಾರವೆ? ಕಾರಿನ ಬೆಲೆಯನ್ನು ಮೊದಲೇ ಲಿಖಿತವಾಗಿ ಒಪ್ಪಿಕೊಂಡ ವಿಮೆಯನ್ನೇ ಪಡೆಯಬೇಕು. ಇಲ್ಲವಾದರೆ ಹಳೆಯದೆಂಬ ಕಾರಣಕ್ಕೇ ಬೆಲೆ ಇಳಿಸಿಬಿಡಬಹುದು. ಹೊರಡುವ ಮುನ್ನ ಎಲ್ಲ ಮಗ್ಗುಲಿನ ಫೋಟೋ ಇರಲಿ. ಪೆಟ್ರೋಲ್ ಕಡಿಮೆ ಇರಲಿ, ಬ್ಯಾಟರಿಯ ತಂತಿ ಬಿಚ್ಚಿರಲಿ.

ಆದರೂ ವಿಮೆಗೊಂದು ಮಿತಿಯಿದೆ. 2022ರ ಫೆಬ್ರವರಿಯಲ್ಲಿ ಅಟ್ಲಾಂಟಿಕ್‌ನಲ್ಲಿ ಬೆಂಕಿ ಬಿದ್ದು, ಮಾರ್ಚ್ 1ರಂದು ಮುಳುಗಿದ 'ಫೆಲಿಸಿಟಿ ಏಸ್' ಹಡಗಿನಲ್ಲಿ ಸುಮಾರು 4,000 ಕಾರುಗಳಿದ್ದವು. ಅವುಗಳಲ್ಲಿ ಲ್ಯಾಂಬೊರ್ಗಿನಿಯ ಅವೆಂಟಡಾರ್ ಮಾದರಿಯ ಕೊನೆಯ ಸರಣಿಯ 15 ಕಾರುಗಳೂ ಸೇರಿದ್ದವು. ಕಂಪನಿ ಅವುಗಳನ್ನು ಮತ್ತೆ ತಯಾರಿಸಲು ಏರ್ಪಾಡು ಮಾಡಿತು. ಅಚ್ಚು ಇತ್ತು, ಕೆಲಸಗಾರರಿದ್ದರು, ಸಾಧ್ಯವಾಯಿತು.

ಹಳೆಯ ಕಾರಿಗೆ ಆ ಭಾಗ್ಯವಿಲ್ಲ. ಅದರ ಅಚ್ಚೂ ಇಲ್ಲ, ಕಟ್ಟಿದ ಕೈಗಳೂ ಇಲ್ಲ. ನಾರ್ಸ್‌ಮನ್ ಇಂದಿಗೂ ಸುಮಾರು 70 ಮೀಟರ್ ಆಳದಲ್ಲೇ ಇದೆ, ತುಕ್ಕಿನ ಗುಡ್ಡೆಯಾಗಿ. ಹಡಗಿಗೆ ಕಾರನ್ನು ಏರಿಸುವ ಮುನ್ನ ಮಾಲೀಕ ಎಲ್ಲ ಲೆಕ್ಕ ಮುಗಿಸಿ, ಕೊನೆಗೊಮ್ಮೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಪ್ರಯಾಣ ನಿಜಕ್ಕೂ ಬೇಕೆ?